ದಾರ ಕಟ್ಟಿದ ಕಣ್ಣಿನ ಮದ್ದು

ಮೊದಲ ಹನಿ ಉರಿಯಿತು. ಆಣೆ ಇಟ್ಟು ಹೇಳಬಲ್ಲ ಮಾತು ಇದೊಂದೇ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ತಾಗಿದ ಹಾಗೆ ಎಂದು ಬರೆದು ಹೊಡೆದುಹಾಕಿದೆ. ಅದು ಹಾಗಿರಲಿಲ್ಲ. ಮೆಣಸಿನಕಾಯಿ ಉರಿ ಏರುತ್ತದೆ, ಇಳಿಯುತ್ತದೆ. ಇದು ಬಂದು ಕೂತುಕೊಂಡಿತು, ಬಾಡಿಗೆಗೆ ಬಂದವರ ಹಾಗೆ. ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದೆ. ಪಕ್ಕದಲ್ಲಿ ಮಗ್ಗ ನಿಂತಿತ್ತು. ಇಲ್ಲ, ಮಗ್ಗ ನಡೆಯುತ್ತಿತ್ತು, ಸದ್ದು ಕಿವಿಯಲ್ಲಿದೆ. ಆದರೆ ಮಗ್ಗದ ಸದ್ದು ನನ್ನ ಎಲ್ಲ ನೆನಪಿನಲ್ಲೂ ಇರುತ್ತದೆ, ನಾನು ಬಸ್ಸಿನಲ್ಲಿದ್ದ ನೆನಪಿನಲ್ಲೂ. ಹಾಗಾಗಿ ಅದನ್ನು ಸಾಕ್ಷಿಗೆ ಕರೆಯುವುದಿಲ್ಲ.

ನಮ್ಮದು ಸೇಲಂ ಕಡೆಯ ತಾರಮಂಗಲಂ ಹತ್ತಿರದ, ಕನ್ನಡ ಆಡುವ ಒಂದು ನೇಕಾರರ ಬೀದಿ. ಬಿಳಿ ರೇಷ್ಮೆ ಪಂಚೆ ನೇಯುವ ಮನೆ. ನನ್ನ ಮನೆಯವರು ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಾರೆ, ಅತ್ತೆ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಾರೆ, ನಾನು ಎಳೆ ಕೂಡಿಸುತ್ತೇನೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು, ನೇಯ್ದು ಮುಗಿಯುವಾಗ ಅದರ ಬಾಲವನ್ನು ಮಗ್ಗದಲ್ಲೇ ಬಿಟ್ಟಿರುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯ ತುದಿಯನ್ನೂ ಹಳೆಯದರ ಒಂದೊಂದು ತುದಿಗೆ ಸೇರಿಸಬೇಕು. ಗಂಟು ಹಾಕುವ ಹಾಗಿಲ್ಲ. ಜರಡಿ ಹಿಡಿದ ಬೂದಿಯಲ್ಲಿ ಬೆರಳ ತುದಿ ಅದ್ದಿಕೊಂಡು, ಎರಡು ತುದಿಯನ್ನೂ ಒಟ್ಟಿಗೆ ಹೊಸೆದು ಮಡಚಿ ಒತ್ತಿದರೆ ಹಿಡಿದುಕೊಳ್ಳುತ್ತದೆ. ಹೀಗೆ ಸಾವಿರಗಟ್ಟಲೆ. ಬಿಳಿ ಎಳೆಗೆ ಬಿಳಿ ಎಳೆ. ಕೆಳಗೆ ಕಪ್ಪು ಬಟ್ಟೆ ಹಾಸಿಕೊಂಡಿರುತ್ತೇನೆ, ಇಲ್ಲದಿದ್ದರೆ ಕಾಣುವುದಿಲ್ಲ. ಪಕ್ಕದ ಎಳೆ ಹಿಡಿದುಬಿಟ್ಟರೆ ಆ ತಪ್ಪು ಪಂಚೆಯುದ್ದಕ್ಕೂ ಗೀರಾಗಿ ಹೋಗುತ್ತದೆ.

ಆ ವರ್ಷ ನನಗೆ ಎರಡು ಎಳೆ ಕಾಣತೊಡಗಿತು, ಒಂದಿದ್ದಲ್ಲಿ. ಕಣ್ಣಿನೊಳಗೆ ಮರಳು ಸುರಿದ ಹಾಗೆ. ಫ್ಯಾನಿನ ಗಾಳಿ ತಾಗಿದರೆ ಸಾಕು, ನೀರು ಸುರಿಯುತ್ತಿತ್ತು. ನಾನು ಕೂಡಿಸಿಕೊಟ್ಟ ಒಂದು ಹಾಸಿನಲ್ಲಿ ಗೀರು ಬಂತು. ಮನೆಯವರು ಏನೂ ಅನ್ನಲಿಲ್ಲ, ಎಳೆ ಕತ್ತರಿಸಿ ಸರಿಮಾಡಿಕೊಂಡರು. ಅತ್ತೆ ಮಾತ್ರ, ನನ್ನ ಕಡೆ ನೋಡದೆ, ಮೇಲಿನ ಬೀದಿಯಲ್ಲಿ ಒಬ್ಬ ಹುಡುಗಿ ಚೆನ್ನಾಗಿ ಕೂಡಿಸುತ್ತಾಳಂತೆ ಅಂದರು.

ನನಗೆ ಅಷ್ಟು ಸಾಕಾಯಿತು. ಕೂಡಿಸುವ ಕೆಲಸದಲ್ಲಿ ಒಮ್ಮೆ ಇನ್ನೊಬ್ಬಳ ಕೈ ಮಗ್ಗಕ್ಕೆ ಬಿದ್ದರೆ ಮತ್ತೆ ಹಳಬಳನ್ನು ಕರೆಯುವುದಿಲ್ಲ. ನಮ್ಮ ಮನೆ ಮಾತ್ರವಲ್ಲ, ಬೀದಿಯ ಬೇರೆ ಮನೆಗಳಿಗೂ ನಾನೇ ಹೋಗುತ್ತಿದ್ದೆ. ಆ ಮನೆಗಳಲ್ಲಿ ನನಗೆ ಕಾಫಿ ಕೊಟ್ಟು, ಮಕ್ಕಳನ್ನು ಸುಮ್ಮನಿರಿಸಿ, ಟಿವಿ ಆರಿಸಿ ಕೂಡಿಸಿಕೊಳ್ಳುತ್ತಿದ್ದರು. ಆ ಕೂಡಿಸುವ ಕೆಲಸ ಹೋದರೆ ನಾನು ಬರೀ ಅಡಿಗೆಯವಳು. ಸೇಲಂಗೆ ಹೋಗಿ ಕಣ್ಣು ತೋರಿಸಿದ್ದು ಅದಕ್ಕೆ.

ಡಾಕ್ಟರಮ್ಮ ಕಿತ್ತಳೆ ಬಣ್ಣದ ಏನೋ ತಾಗಿಸಿ ನೀಲಿ ಬೆಳಕು ಬಿಟ್ಟು ನೋಡಿದರು. ಆಮೇಲೆ ಕೆಳರೆಪ್ಪೆಯೊಳಗೆ ಒಂದೊಂದು ಕಾಗದದ ಪಟ್ಟಿ ಸಿಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ತೆಗೆದು ನೋಡಿ, ಕಣ್ಣು ಒಣಗಿದೆ, ತುಂಬಾ ಒಣಗಿದೆ ಅಂದರು. ಆಗ ನನ್ನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಸೀರೆ ಸೆರಗಿನಿಂದ ಒರೆಸಿಕೊಂಡು, ಇದೇನು ಹಾಗಾದರೆ ಎಂದು ತಮಿಳಿನಲ್ಲಿ ಕೇಳಿದೆ. ಅದು ಉಪಯೋಗಕ್ಕೆ ಬರದ ನೀರು ಅಂದರು. ಒಳಗಿನ ಗ್ರಂಥಿ ಊದಿಕೊಂಡಿದೆ, ನಿಜವಾದ ಕಣ್ಣೀರು ಬರುತ್ತಿಲ್ಲ, ಕಣ್ಣು ಉರಿ ತಾಳಲಾರದೆ ಸುಮ್ಮನೆ ನೀರು ಸುರಿಸುತ್ತದೆ.

ಅವರ ಮಾತೆಲ್ಲ ತಮಿಳಿನಲ್ಲಿತ್ತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರಲ್ಲೇ ಎಷ್ಟೋ ಸೋರಿಹೋಗಿರುತ್ತದೆ. ಆದರೆ ಒದ್ದೆಯಾದ ಕಣ್ಣನ್ನು ಒಣಗಿದೆ ಅಂದದ್ದು ನಿಜ, ನನಗೆ ಅವರ ಮೇಲೆ ಅನುಮಾನ ಹುಟ್ಟಿದ್ದು ಅಲ್ಲೇ.

ಮೊದಲು ಒಂದು ಡ್ರಾಪ್ಸ್ ಕೊಟ್ಟರು, ಸ್ವಲ್ಪ ದಿನಕ್ಕೆ ಮಾತ್ರ. ಅದು ತಣ್ಣಗಿತ್ತು. ಮರಳು ಕಡಿಮೆಯಾಯಿತು. ನಾನು ಡಾಕ್ಟರಮ್ಮನನ್ನು ನಂಬಲು ಶುರುಮಾಡಿದ್ದೆ. ಆಗ ಅದನ್ನು ನಿಲ್ಲಿಸಿ ಈ ಬಿಳಿಯದನ್ನು ಬರೆದರು. ನೀರು ಬೆರೆಸಿದ ಹಾಲಿನಂಥ ಮದ್ದು, ಒಂದಕ್ಕೊಂದು ಅಂಟಿದ ಸಣ್ಣ ಸಣ್ಣ ಪ್ಲಾಸ್ಟಿಕ್ ಕುಪ್ಪಿಗಳಲ್ಲಿ. ಬೆಳಿಗ್ಗೆ ಸಂಜೆ ಹಾಕಬೇಕು. ಉರಿಯುತ್ತದೆ. ಗುಣ ಕಾಣಲು ತಿಂಗಳುಗಳೇ ಬೇಕು. "ಎರಿಯುಂ ಅಮ್ಮಾ. ಆನಾ ನಿರುತ್ತಾದೀಂಗ," ಅಂದರು. ಉರಿಯುತ್ತದೆ, ಆದರೂ ನಿಲ್ಲಿಸಬೇಡಿ. ತಣ್ಣಗಿದ್ದದ್ದನ್ನೇ ಮುಂದುವರಿಸಬಾರದೇ ಎಂದು ಕೇಳಿದ್ದಕ್ಕೆ, ಅದನ್ನು ಬಹಳ ಕಾಲ ಹಾಕಿದರೆ ಕಣ್ಣಿನ ಒತ್ತಡ ಏರುತ್ತದೆ ಅಂದರು. ಸುಖ ಕೊಡುವುದನ್ನು ಕಿತ್ತುಕೊಂಡು ಉರಿಯುವುದನ್ನು ಕೈಗೆ ಕೊಟ್ಟು ತಿಂಗಳುಗಟ್ಟಲೆ ಕಾಯಿರಿ ಅನ್ನುವವರನ್ನು ನೀವಾದರೆ ನಂಬುತ್ತಿದ್ದಿರಾ?

ಅತ್ತೆ ಕುಪ್ಪಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಾಲದಲ್ಲಿ ಕಣ್ಣಿಗೆ ನಂದಿಬಟ್ಟಲು ಹೂವನ್ನು ನೀರಲ್ಲಿ ನೆನೆಸಿ ಹಿಂಡುತ್ತಿದ್ದರು. ಶನಿವಾರ ಎಣ್ಣೆ ಸ್ನಾನ. ಅಷ್ಟೇ.

"ಕಣ್ಣಿಗೆ ಆಕೋದು ತಣ್ಣಗಿರ್ಬೇಕು ಕಣಮ್ಮಿ. ಉರಿಯೋದನ್ನ ಯಾರಾನ ಮರುಂದು ಅಂತಾರಾ?" ಅಂದರು. "ಇದು ಕಣ್ಣ ಸುಟ್ಬುಟ್ಟು ಆಮೇಲೆ ಆಪರೇಷನ್ ಅಂತಾರೆ, ನೋಡ್ತಿರು."

ನಾನು ಎದುರಾಡಲಿಲ್ಲ, ನನಗೂ ಹಾಗೇ ಅನ್ನಿಸಿತ್ತು. ಆದರೂ ಹಾಕಿಕೊಂಡೆ. ಮೇಲಿನ ಬೀದಿಯ ಹುಡುಗಿಯನ್ನು ನೆನೆದುಕೊಂಡು ಹಾಕಿಕೊಂಡೆ. ಮುಂದಿನ ಹಾಸು ಬರುವ ಹೊತ್ತಿಗೆ ಕಣ್ಣು ಬೇಕಿತ್ತು.

ಒಂದು ಕುಪ್ಪಿ ಒಂದು ಸಲಕ್ಕೆ, ಮಿಕ್ಕಿದ್ದನ್ನು ಬಿಸಾಡಬೇಕು. ಹಾಗಂತ ಡಾಕ್ಟರಮ್ಮ ಹೇಳಿದ್ದರು. ಎರಡು ಕಣ್ಣಿಗೂ ಹಾಕಿದ ಮೇಲೆ ಒಳಗೆ ಮುಕ್ಕಾಲು ಉಳಿದಿರುತ್ತಿತ್ತು. ನಮ್ಮ ಮನೆಯಲ್ಲಿ ಗೇಣುದ್ದದ ರೇಷ್ಮೆ ಎಳೆಯನ್ನೂ ಬಿಸಾಡುವುದಿಲ್ಲ, ಗೋಡೆಯ ಮೊಳೆಗೆ ಸುತ್ತಿಡುತ್ತೇವೆ. ಮುಕ್ಕಾಲು ಕುಪ್ಪಿ ಮದ್ದನ್ನು ಬಿಸಾಡುವ ಕೈ ನನ್ನದಲ್ಲ. ಹರಿದ ಬಾಯನ್ನು ಮಡಚಿ, ಮೊಳೆಯಲ್ಲಿದ್ದ ತುಂಡು ಎಳೆ ಬಿಗಿಯಾಗಿ ಸುತ್ತಿ, ಕೊನೆಯನ್ನು ಬೂದಿ ಬೆರಳಿನಿಂದ ಹೊಸೆದು ಒತ್ತುತ್ತಿದ್ದೆ. ಒಂದು ತೊಟ್ಟೂ ಸೋರುತ್ತಿರಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು. ಒಂದೊಂದು ಕುಪ್ಪಿ ಎರಡು ದಿನ ಬರುತ್ತಿತ್ತು. ದೇವರ ಗೂಡಿನ ಪಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದೆ.

ಒಂದು ಬೆಳಿಗ್ಗೆ ಡಬ್ಬಿ ತೆಗೆದರೆ ಕುಪ್ಪಿಯ ಎಳೆಗೆ ಗಂಟು ಬಿದ್ದಿತ್ತು.

ನಾನು ಗಂಟು ಹಾಕುವವಳಲ್ಲ. ಮದುವೆಯಾಗಿ ಬಂದಾಗಿನಿಂದ ಎಳೆಯ ತುದಿ ಕೈಗೆ ಸಿಕ್ಕಿದರೆ ಹೊಸೆಯುತ್ತೇನೆ, ಹೂ ಕಟ್ಟುವಾಗಲೂ ಹೊಸೆಯುವಷ್ಟು. ಇದು ಸಣ್ಣ, ಗಟ್ಟಿ, ಸಾಸಿವೆಯಷ್ಟು ಗಂಟು. ಕಂಡಿಕೆ ಸುತ್ತುವಾಗ ಎಳೆ ಕಡಿದರೆ ಹಾಕುವ ಗಂಟು. ನಮ್ಮ ಮನೆಯಲ್ಲಿ ಕಂಡಿಕೆ ಸುತ್ತುವವರು ಅತ್ತೆ.

ಒಳಗಿನ ಬಿಳಿ ಮೊದಲಿಗಿಂತ ತಿಳಿಯಾಗಿ ಕಂಡಿತು. ಕಂಡಿತೋ, ಗಂಟು ನೋಡಿದ ಮೇಲೆ ಹಾಗೆ ಕಂಡಿತೋ. ನಂದಿಬಟ್ಟಲು ನೀರು ಬೆರೆಸಿದ್ದಾರೆ ಅಂದುಕೊಂಡೆ. ಮದ್ದನ್ನು ಕೆಡಿಸಿದರೆ ನನ್ನ ಕಣ್ಣು ಸುಧಾರಿಸುವುದಿಲ್ಲ, ಆಗ ಮೇಲಿನ ಬೀದಿಯ ಹುಡುಗಿಯನ್ನು ಕರೆಸಬಹುದು. ಅವಳು ಅತ್ತೆಯ ತವರಿನ ಕಡೆಯವಳು ಎಂಬುದೂ ಆಗ ನೆನಪಿಗೆ ಬಂತು. ಈಗ ಯೋಚಿಸಿದರೆ ಅವಳು ಅತ್ತೆಯ ತವರಿನವಳು ಎಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲಿಂದ ಬಂತೋ ಆ ನೆನಪು.

ಕೆಲವು ದಿನ ಕಾದೆ. ನಾನು ಹೊಸೆದಿಟ್ಟರೆ ಮಾರನೆಯ ದಿನ ಗಂಟು ಇರುತ್ತಿತ್ತು. ಎಲ್ಲ ದಿನವೂ ಅಲ್ಲ. ಅತ್ತೆ ನಡೆದಾಡುವುದನ್ನು, ಡಬ್ಬಿಯ ಕಡೆ ಹೋಗುವುದನ್ನು ನೋಡುತ್ತಿದ್ದೆ. ಅವರು ದೇವರಿಗೆ ದೀಪ ಹಚ್ಚಲು ಹೋದರೂ ನನ್ನ ಕತ್ತು ತಿರುಗುತ್ತಿತ್ತು. ಅವರಿಗೂ ಅದು ಗೊತ್ತಾಯಿತು. ನನ್ನ ಕೈಯ ಕಾಫಿಯನ್ನು ಕುಡಿಯುವ ಮೊದಲು ಮೂಸಿ ನೋಡತೊಡಗಿದರು. ಆ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕಾಯುತ್ತಿದ್ದೆವು. ನಡುವೆ ಮನೆಯವರು ತಲೆ ತಗ್ಗಿಸಿ ನೇಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಬಲಗಣ್ಣಿನ ರೆಪ್ಪೆಗಳು ಅಂಟಿಕೊಂಡಿದ್ದವು. ಬಿಸಿನೀರಲ್ಲಿ ನೆನೆಸಿ ಬಿಡಿಸಿದೆ. ಕನ್ನಡಿಯಲ್ಲಿ ಬಿಳಿ ಗುಡ್ಡೆ ಕುಂಕುಮ ಕದಡಿದ ಹಾಗಿತ್ತು. ಕುಪ್ಪಿಯನ್ನು ತಂದು ಅತ್ತೆಯ ಮುಂದೆ, ರಾಟೆಯ ಪಕ್ಕ ಇಟ್ಟೆ.

"ಇದ್ರಲ್ಲಿ ಏನು ಆಕಿದೀರಿ ಅತ್ತೆ," ಅಂದೆ.

ಅವರು ರಾಟೆ ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಕುಪ್ಪಿಯನ್ನು ಎತ್ತಿಕೊಂಡು, ಉಗುರಿನಿಂದ ಗಂಟನ್ನು ತಡವಿ, ಕಣ್ಣಿನ ಹತ್ತಿರ ತಂದು ನೋಡಿದರು.

"ಗಂಟೇನೋ ನಾ ಕಲಿಸಿದ್ದೇ ಐತೆ," ಅಂದರು. "ಆದ್ರೆ ಇದರ ಕಿವೀನ ಬಾಯಲ್ಲಿ ಕಚ್ಚಿ ಕಿತ್ತವ್ರೆ, ನೋಡು." ಗಂಟಿನ ಎರಡು ತುದಿಯೂ ಬುಡದಲ್ಲೇ ತುಂಡಾಗಿ ಚಪ್ಪಟೆಯಾಗಿದ್ದವು. ಅತ್ತೆ ಬಾಯಿ ತೆರೆದು ತೋರಿಸಿದರು. ಮುಂದೆ ಮೇಲೆ ಒಂದು ಹಲ್ಲೂ ಇರಲಿಲ್ಲ, ಕೆಳಗೆ ಒಂದು ಅಲುಗಾಡುತ್ತಿತ್ತು. "ಇದ್ರಲ್ಲಿ ಏನ ಕಚ್ಲಮ್ಮಾ ನಾನು? ಇಡ್ಲಿ ಕಚ್ಚಕ್ಕೆ ಆಗಲ್ಲ."

ಮಗ್ಗದ ಸದ್ದು ನಿಂತಿತ್ತು. ಅದು ನಿಂತದ್ದು ಈ ಮಾತಿಗೆ ಮೊದಲೋ ಆಮೇಲೋ ಗೊತ್ತಿಲ್ಲ. ಮನೆಯವರು ಗುಂಡಿಯಿಂದ ಎದ್ದು ಬಂದಿರಲಿಲ್ಲ, ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ.

"ಏನ್ಲಾ, ಬಾಯಿ ಬಿಡು," ಅಂದರು. "ಎಂಡ್ತಿ ಮದ್ದು ಕದ್ದು ಕುಡುದ್ಯಾ?"

"ಕುಡೀಲಿಲ್ಲ. ಕಣ್ಗೆ ಆಕೊಂಡೆ," ಅಂದರು ಮನೆಯವರು.

ಯಾಕೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. ಮದ್ದು ಉರಿಯುತ್ತದೆ ಎಂದು ನಾನು ಹೇಳುತ್ತಿದ್ದೆನಲ್ಲ, ಎಷ್ಟು ಉರಿಯುತ್ತದೆ ಎಂದು ನೋಡಿದರಂತೆ. ಅಪಾಯವಿದ್ದರೆ ತಮ್ಮ ಕಣ್ಣಿಗೆ ಮೊದಲು ಗೊತ್ತಾಗಲಿ ಅಂತ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು, ಆಮೇಲೂ ನೋಡುತ್ತಿದ್ದರಂತೆ, ಕುಪ್ಪಿ ಬದಲಾದಾಗಲೆಲ್ಲ.

ಬೀದಿಯಲ್ಲಿ ಈ ಕಥೆ ಹೀಗೇ ಓಡಾಡಿತು. ಹೆಂಡತಿಯ ಮದ್ದನ್ನು ತನ್ನ ಕಣ್ಣಿಗೆ ಹಾಕಿ ಪರೀಕ್ಷೆ ಮಾಡಿದ ಗಂಡ. ಹೆಂಗಸರು ನನ್ನನ್ನು ನೋಡಿ ನಕ್ಕರು. ಒಬ್ಬಳಂತೂ, ನಮ್ಮವರು ನನ್ನ ಸಾಂಬಾರನ್ನೇ ರುಚಿ ನೋಡಲ್ಲ ಅಂದಳು. ಚೆಂದದ ಕಥೆ. ಎಷ್ಟು ಚೆಂದ ಅಂದರೆ ನನಗೆ ಅದರ ಮೇಲೆ ಕೂಡಲೇ ಅನುಮಾನ ಬಂತು. ಅದನ್ನು ಹೇಳುವಾಗ ಮನೆಯವರು ಕಣ್ಣು ಪಿಳಿಪಿಳಿ ಬಡಿಯುತ್ತಿದ್ದರು. ನಾಚಿಕೆಗೆ ಎಂದು ಅತ್ತೆ ತಿಳಿದರು. ನನಗೆ ಆ ಬಡಿತ ಗೊತ್ತು. ಮರಳು ಇದ್ದವರ ಬಡಿತ ಅದು.

ಮಾರನೆಯ ದಿನ ಸೇಲಂ ಬಸ್ಸಿಗೆ ಇಬ್ಬರೂ ಹತ್ತಿದೆವು. ನನ್ನ ಕೆಂಪು ಕಣ್ಣು ತೋರಿಸಲು ಎಂದು ಅವರನ್ನು ಹೊರಡಿಸಿದ್ದೆ.

ಡಾಕ್ಟರಮ್ಮ ಕಣ್ಣು ನೋಡಿ, ಮದ್ದನ್ನು ಹೇಗೆ ಹಾಕುತ್ತಿದ್ದೀರಿ ಎಂದು ಕೇಳಿದರು. ಚೀಲದಿಂದ ಡಬ್ಬಿ ತೆಗೆದುಕೊಟ್ಟು, ನಾನು ಹೊಸೆದದ್ದು, ಇವರು ಕಚ್ಚಿದ್ದು ಎಲ್ಲ ಹೇಳಿದೆ. ದಾರ ಸುತ್ತಿದ ಕುಪ್ಪಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. ಇದಕ್ಕೆ ಕೆಡದ ಹಾಗೆ ಏನನ್ನೂ ಸೇರಿಸಿರುವುದಿಲ್ಲ, ತೆರೆದ ಮೇಲೆ ಇಟ್ಟುಕೊಳ್ಳಬಾರದು ಎಂದು ಮೊದಲೇ ಹೇಳಿದ್ದೆನಲ್ಲ ಅಂದರು. ನಿಮ್ಮ ಬೆರಳಲ್ಲಿ ಬೂದಿ, ದಾರದಲ್ಲಿ ಗಂಜಿ, ಅದರ ಮೇಲೆ ಇನ್ನೊಬ್ಬರ ಹಲ್ಲು. ಸೋಂಕಾಗದೆ ಏನಾಗುತ್ತದೆ? ಸೋಂಕಿಗೆ ಬೇರೆ ಡ್ರಾಪ್ಸ್ ಬರೆದರು, ಬಿಳಿಯದನ್ನು ಸ್ವಲ್ಪ ದಿನ ನಿಲ್ಲಿಸಲು ಹೇಳಿದರು. ಹೊಸೆದು ಮುಚ್ಚಿದ್ದರಿಂದ ಕೆಟ್ಟಿತೋ ಕಚ್ಚಿ ಮುಚ್ಚಿದ್ದರಿಂದ ಕೆಟ್ಟಿತೋ ಎಂದು ನಾನು ಕೇಳಿದೆ. ಅವರು ಕುಪ್ಪಿಯನ್ನು ದಾರ ಸಮೇತ ಕಸದ ಬುಟ್ಟಿಗೆ ಹಾಕಿದರು.

"ಇವರ ಕಣ್ಣನ್ನೂ ನೋಡಿ," ಅಂದೆ, ತಮಿಳಿನಲ್ಲಿ.

ಮನೆಯವರು ಬೇಡ ಅಂದರು. ಮಗ್ಗ ನಿಂತಿದೆ, ಹೊತ್ತಾಗುತ್ತದೆ ಅಂದರು. ಡಾಕ್ಟರಮ್ಮ ಆಗಲೇ ಕಾಗದದ ಪಟ್ಟಿಗಳ ಪೊಟ್ಟಣ ಹರಿದಿದ್ದರು. ಎರಡು ಕಣ್ಣಿನಿಂದಲೂ ಬಿಳಿ ಪಟ್ಟಿ ಇಳಿಬಿಟ್ಟುಕೊಂಡು ನನ್ನ ಗಂಡ ಆ ಎತ್ತರದ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ಕೈ ಇಟ್ಟುಕೊಂಡು. ಒದ್ದೆ ಮೇಲಿಂದ ಕೆಳಗೆ ಇಳಿದುಬರಬೇಕು. ನಾನು ಪಟ್ಟಿಯನ್ನೇ ನೋಡುತ್ತಿದ್ದೆ. ಅದು ಒಣಗಿದ ಕಾಗದವಾಗಿಯೇ ಉಳಿಯಿತು. ಮೇಲಿನ ತುದಿಯಲ್ಲಿ ಒಂದಿಷ್ಟು ತೇವ, ಅಷ್ಟೆ.

ನನ್ನದಕ್ಕಿಂತ ಇವರದ್ದು ಹೆಚ್ಚು ಒಣಗಿದೆ ಎಂದರು ಡಾಕ್ಟರಮ್ಮ. ಎಷ್ಟು ವರ್ಷದಿಂದ ಎಂದು ಕೇಳಿದರು. ಮನೆಯವರು ನನ್ನ ಕಡೆ ನೋಡಿ, ಈಗೀಗ ಅಂದರು.

ಬಸ್ ಸ್ಟ್ಯಾಂಡಿನಲ್ಲಿ ತಾರಮಂಗಲಂ ಬಸ್ಸಿಗೆ ಕಾಯುವಾಗ ನಾನು ಕೇಳಿದೆ. ಹೋದ ಹಾಸಿನ ಗೀರು ನಾನು ಕೂಡಿಸಿದ್ದರಿಂದ ಬಂತೋ, ಅವರು ನೇಯುವಾಗ ಕಡಿದ ಎಳೆಯನ್ನು ತಪ್ಪು ಜಾಗಕ್ಕೆ ಕಟ್ಟಿದ್ದರಿಂದ ಬಂತೋ. ಅವರು ಕಡಲೆಕಾಯಿ ಸುಲಿಯುತ್ತಿದ್ದರು.

"ಯಾರಿಗ್ ಗೊತ್ತು," ಅಂದರು. "ನಿನ್ ಕಣ್ಣು ಎಂಗಿತ್ತೋ, ನನ್ ಕಣ್ಣೂ ಅಂಗೇ ಇತ್ತು."

"ನಂದು ಅಂತ ಅತ್ತೆ ಅಂದಾಗ ಸುಮ್ನಿದ್ರಲ್ಲ."

"ಕೂಡ್ಸೋಕೆ ಬೇರೆಯವ್ರು ಸಿಗ್ತಾರೆ ಅಂತ ಸುಮ್ನಿದ್ದೆ. ನೇಯಕ್ಕೆ ಯಾರ ಕರ್ಕಂಬರ್ತೀಯ?"

ಈ ಮಾತನ್ನು ಅವರು ಹೀಗೆ ನೇರವಾಗಿ ಅಂದರು ಎಂದು ನನಗೆ ನೆನಪಿದೆ. ಈಚೆಗೆ ಇದನ್ನು ಅವರಿಗೇ ಓದಿ ಹೇಳಿದಾಗ, ಅಂದಿಲ್ಲ ಅಂದರು. ಬಸ್ ಬಂದಿತ್ತು, ಮಾತೇ ಆಡಲಿಲ್ಲ, ನೀನು ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿಕೊಂಡೆ ಅಂದರು. ಇರಬಹುದು. ಕಡಲೆಕಾಯಿ ಮಾತ್ರ ಇತ್ತು ಎಂದು ಒಪ್ಪಿಕೊಂಡರು. ಹಾಗಾದರೆ ಮದ್ದು ಕದ್ದದ್ದು ನನಗಾಗಿಯೋ ನಿಮಗಾಗಿಯೋ ಎಂದು ಕೇಳಿದೆ. ಎರಡೂ ಅಂದರು, ತಟ್ಟನೆ. ಅಷ್ಟು ತಟ್ಟನೆ ಬರುವ ಉತ್ತರವನ್ನು ನಾನು ಪಕ್ಕಕ್ಕೆ ಎತ್ತಿಡುತ್ತೇನೆ.

ಹೊಸ ಹಾಸು ಬಂದಾಗ ನನ್ನ ಕಣ್ಣಿನ ಕೆಂಪು ಪೂರ್ತಿ ಇಳಿದಿರಲಿಲ್ಲ. ಮೇಲಿನ ಬೀದಿಯ ಹುಡುಗಿ ಬಂದಳು. ನಾನೇ ಹೋಗಿ ಕರೆದು ತಂದೆ, ಅತ್ತೆ ಕರೆಯುವ ಮೊದಲು. ಅವಳಿಗೆ ಕಾಫಿ ಕೊಟ್ಟೆ, ಟಿವಿ ಆರಿಸಿದೆ. ಅವಳ ಬೆರಳು ನನ್ನದಕ್ಕಿಂತ ಬೇಗ ಓಡುತ್ತಿತ್ತು. ಕಪ್ಪು ಬಟ್ಟೆ ಕೊಡಲಾ ಎಂದರೆ ಬೇಡಕ್ಕಾ ಅಂದಳು. ಆ ಮಾತು ಒಳಗೆ ಹೊಕ್ಕು ಈವರೆಗೂ ಹೊರಬಂದಿಲ್ಲ. ಅವಳು ಹೋದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತು, ಬಿಡಿಸಿಟ್ಟ ಬೆಳ್ಳುಳ್ಳಿಯ ಸಿಪ್ಪೆಯನ್ನು ಒಟ್ಟುಮಾಡಿದರು. ನಾನು ಕ್ಷಮಿಸಿ ಅನ್ನಲಿಲ್ಲ. ಅವರೂ ಕಾಫಿ ಮೂಸುವುದನ್ನು ಕೂಡಲೇ ಬಿಡಲಿಲ್ಲ.

ಆಮೇಲೆ ಮನೆಯಲ್ಲಿ ಎರಡು ಡಬ್ಬಿಗಳಾದವು, ಅವರಿಗೊಂದು ನನಗೊಂದು. ಬೆಳಿಗ್ಗೆ ಸಂಜೆ ಇಬ್ಬರೂ ಗೋಡೆಗೆ ಒರಗಿ ಕೂತು ಮುಖ ಮೇಲೆತ್ತಿ ಹಾಕಿಕೊಂಡು, ಉರಿ ಕೂತು ಹೋಗುವವರೆಗೆ ಕಣ್ಣು ಮುಚ್ಚಿಕೊಂಡು ಇರುತ್ತಿದ್ದೆವು. ಮಿಕ್ಕಿದ್ದನ್ನು ಬಿಸಾಡುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅತ್ತೆ ಪ್ರತಿ ಸಲವೂ ನಾಲಿಗೆ ಲೊಚಗುಟ್ಟುತ್ತಿದ್ದರು.

ಮಳೆ ಬಂತು, ಹೋಯಿತು. ಯಾವಾಗ ಎಂದು ಗೊತ್ತಿಲ್ಲದ ಹಾಗೆ ಉರಿ ಸಣ್ಣದಾಯಿತು. ಮರಳು ಒಂದೊಂದು ದಿನ ಇರುತ್ತಿರಲಿಲ್ಲ. ಮದ್ದಿನಿಂದ ಎಂದು ಡಾಕ್ಟರಮ್ಮ ಹೇಳುತ್ತಾರೆ. ಫ್ಯಾನನ್ನು ಬೇರೆ ಕಡೆ ತಿರುಗಿಸಿದ್ದರಿಂದ ಇರಬಹುದು. ಗಾಳಿಯಲ್ಲಿ ತೇವ ಹೆಚ್ಚಿದ್ದರಿಂದ ಇರಬಹುದು. ಕಣ್ಣು ಸುಧಾರಿಸಿದೆ ಎಂದು ನನಗೆ ಹೇಳುತ್ತಿರುವುದು ಅದೇ ಕಣ್ಣು. ಒಂದಿದ್ದಲ್ಲಿ ಎರಡು ತೋರಿಸಿದ ಕಣ್ಣು.

ಅದಾದ ಮೇಲಿನ ಹಾಸನ್ನು ಕೂಡಿಸಲು ನಾನು ಕೂತೆ. ಯಾರೂ ಹೇಳಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ನಡುನಡುವೆ ಎದ್ದು ಕಣ್ಣು ಮುಚ್ಚಿಕೊಂಡು ನಿಂತು, ಮತ್ತೆ ಕೂತು, ಹಿಂದೆ ಒಂದೇ ಸಲ ಕೂತು ಮುಗಿಸುತ್ತಿದ್ದುದನ್ನು ಎರಡು ದಿನ ಎಳೆದೆ. ಕೊನೆಯ ಎಳೆ ಒತ್ತಿದ ಮೇಲೆ ಮನೆಯವರು ಗುಂಡಿಗೆ ಇಳಿದು ಕಾಲುಮಣೆ ತುಳಿದರು. ಎಳೆಗಳು ಮೇಲೆ ಕೆಳಗೆ ಎರಡಾಗಿ ತೆರೆದುಕೊಂಡವು. ಅತ್ತೆ ಕೆಳಗೆ ಬಗ್ಗಿ, ತಪ್ಪಿ ಕೂಡಿದ ಎಳೆ ಅಡ್ಡ ಸಿಗುತ್ತದೆಯೇ ಎಂದು ಆ ತೆರಪಿನೊಳಗೆ ಈ ಕಡೆಯಿಂದ ಆ ಕಡೆಯವರೆಗೆ ಅಂಗೈ ಓಡಿಸಿದರು.

"ಸರಿ ಐತೆ," ಅಂದರು.

ಮನೆಯವರು ಲಾಳಿ ಎತ್ತಿಕೊಂಡರು. ನಾನು ಅವರ ಕೈ ಹಿಡಿದು, ಇನ್ನೊಂದು ಸಲ ತುಳಿಯಿರಿ ಅಂದೆ. ತುಳಿದರು. ಅತ್ತೆ ಮತ್ತೆ ಕೈ ಓಡಿಸಿದರು, ಈ ಸಲ ನಿಧಾನವಾಗಿ. ಸರಿ ಇದೆ ಅಂದರು. ನಾನು ಅವರಿಗೆ ಪಕ್ಕಕ್ಕೆ ಸರಿಯಲು ಹೇಳಿ ಬಗ್ಗಿ, ನನ್ನ ಅಂಗೈಯನ್ನು ಆ ತೆರಪಿನೊಳಗೆ ಇಟ್ಟೆ.